ನೀರಿಗಿಳಿಯುವ ಉಡುಪು

ಅಜ್ಜಿಯ ಬಲಮಂಡಿ ಐವತ್ತೆಂಟು ಡಿಗ್ರಿಗೆ ಬಂದು ನಿಂತುಬಿಟ್ಟಿತ್ತು. ಕೀಲು ಬದಲಿಸಿ ಎರಡು ವಾರ ಕಳೆದಿದ್ದವು. ಹೊಲಿಗೆ ಬಿಚ್ಚಿದ್ದರು, ಗಾಯ ಒಣಗಿತ್ತು, ನೋವೂ ಹಲ್ಲುಕಚ್ಚಿ ತಡೆದುಕೊಳ್ಳುವ ಮಟ್ಟಕ್ಕೆ ಇಳಿದಿತ್ತು. ಕಾಲು ಮಾತ್ರ ಮಡಿಚಲು ಒಪ್ಪುತ್ತಿರಲಿಲ್ಲ. ವಾರಕ್ಕೊಮ್ಮೆ ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಹುಡುಗಿ, ಎರಡು ಪಾರದರ್ಶಕ ಪಟ್ಟಿಗಳ ಕೋನಮಾಪಕವನ್ನು ಮಂಡಿಯ ಪಕ್ಕಕ್ಕೆ ಹಿಡಿದು ಅಂಕಿ ಓದಿದಳು. ಇನ್ನೊಮ್ಮೆ ಹಿಡಿದು ಓದಿದಳು. ಆಮೇಲೆ ಪುಸ್ತಕದಲ್ಲಿ ಬರೆದಳು. ಇನ್ನು ಆರು ವಾರದೊಳಗೆ ತೊಂಬತ್ತು ಮುಟ್ಟಬೇಕು ಎಂದಳು. ಮುಟ್ಟದಿದ್ದರೆ ಒಳಗಿನ ಅಂಗಾಂಶ ಗಟ್ಟಿಯಾಗಿಬಿಡುತ್ತದೆ. ಮತ್ತೆ ಆಸ್ಪತ್ರೆಗೆ ಹೋಗಿ, ಪ್ರಜ್ಞೆ ತಪ್ಪಿಸಿಕೊಂಡು, ವೈದ್ಯರಿಂದ ಬಲವಂತವಾಗಿ ಮಡಿಸಿಕೊಳ್ಳಬೇಕಾಗುತ್ತದೆ. ಈ ವಯಸ್ಸಿನವರಿಗೆ ಹಾಗೆ ಮಾಡಿಸುವುದು ಬೇಡ ಎಂಬುದು ಆ ಹುಡುಗಿಯ ಅಭಿಪ್ರಾಯ.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

"ಮೆಷಿನ್ ತುಳಿಯೋಕೆ ಎಷ್ಟು ಬೇಕು?"

ಹುಡುಗಿಗೆ ಗೊತ್ತಿರಲಿಲ್ಲ. ಕಿಟಕಿಯ ಬಳಿಯ ಹೊಲಿಗೆ ಯಂತ್ರದ ಮುಂದೆ ತಾನೇ ಕುಳಿತು, ಪೆಡಲಿನ ಮೇಲೆ ಪಾದವಿಟ್ಟು, ತನ್ನ ಮಂಡಿಗೇ ಕೋನಮಾಪಕ ಹಿಡಿದು ನೋಡಿದಳು.

"ತೊಂಬತ್ತೇ ಬೇಕು ಅಜ್ಜಿ. ಒಂದೆರಡು ಹೆಚ್ಚಿದ್ರೆ ಇನ್ನೂ ಒಳ್ಳೇದು."

"ಹಾಗಾದ್ರೆ ನಂಗೂ ತೊಂಬತ್ತೇ ಬೇಕು. ಅದಕ್ಕಿಂತ ಕಡಿಮೆ ಇಟ್ಕೊಂಡು ಏನು ಮಾಡ್ಲಿ?"

ಆ ಯಂತ್ರದ ಮುಂದೆ ಅವಳು ನಲವತ್ತು ವರ್ಷ ಕುಳಿತಿದ್ದಳು. ಚರ್ಚಿನ ಸಭೆಯ ಗಾಯಕರ ನಿಲುವಂಗಿಗಳನ್ನೂ, ನೀರಿನಲ್ಲಿ ಮುಳುಗಿಸಿ ಕೊಡುವ ದೀಕ್ಷಾಸ್ನಾನದ ಬಿಳಿಯ ಅಂಗಿಗಳನ್ನೂ ಅವಳೇ ಹೊಲಿಯುತ್ತಿದ್ದಳು. ದೀಕ್ಷಾಸ್ನಾನದ ಅಂಗಿಗೆ ಒಂದು ವಿಶೇಷವಿತ್ತು. ಅದರ ಕೆಳಗಿನ ಅಂಚಿನೊಳಗೆ ಎಂಟು ಪುಟ್ಟ ಜೇಬುಗಳು; ಪ್ರತಿ ಜೇಬಿನಲ್ಲೂ ಬಟಾಣಿ ಗಾತ್ರದ ಒಂದು ಸೀಸದ ಗುಂಡು. ತೊಟ್ಟವರು ತೊಟ್ಟಿಯ ನೀರಿಗೆ ಇಳಿದಾಗ ಬಟ್ಟೆ ಕೊಡೆಯಂತೆ ಮೇಲಕ್ಕೆ ತೇಲಬಾರದು ಎಂಬುದು ಅದರ ಉದ್ದೇಶ. ನಲವತ್ತು ವರ್ಷಗಳಲ್ಲಿ ಆ ಸಭೆಯ ಒಬ್ಬ ಹೆಂಗಸಿನ ಮೀನಖಂಡವೂ ನೀರಿನಲ್ಲಿ ಯಾರಿಗೂ ಕಂಡಿರಲಿಲ್ಲ.

ಹೊರಡುವ ಮುನ್ನ ಹುಡುಗಿ ಇನ್ನೊಂದು ಮಾತು ಹೇಳಿದಳು. ಎದೆಮಟ್ಟದ ನೀರಿನಲ್ಲಿ ದೇಹದ ತೂಕ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನೆಲದ ಮೇಲೆ ಆಗದ್ದು ಅಲ್ಲಿ ಆಗುತ್ತದೆ. ಪುರಸಭೆಯ ಈಜುಕೊಳದಲ್ಲಿ ನೀರು ಬೆಚ್ಚಗಿರುತ್ತದೆ. ಮೇಲಾಗಿ, ಕಲಿಸುವವಳು ಮನೆಯಲ್ಲೇ ಇದ್ದಾಳಲ್ಲ.



ಮನೆಯಲ್ಲಿ ನಾಲ್ವರು. ಅಜ್ಜಿಯ ಮಗ ಸರ್ವೆಯರ್. ಹಗಲೆಲ್ಲ ಜಮೀನುಗಳ ಗಡಿ ಅಳೆಯುತ್ತಿದ್ದ, ಸಭೆಯಲ್ಲಿ ಹಿರಿಯನಾಗಿದ್ದ. ಸೊಸೆಗೆ ಬೇಕರಿಯಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಹೋಗಿ ಮಧ್ಯಾಹ್ನ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಬರುತ್ತಿದ್ದಳು. ಮೊಮ್ಮಗಳು ಪುಟ್ಟಿ ಈಜು ಕಲಿಸುತ್ತಿದ್ದಳು. ಆ ಕೆಲಸ ಹಿಡಿದು ಹತ್ತು ತಿಂಗಳಾಗಿತ್ತು. ಅಷ್ಟೂ ತಿಂಗಳು ಅಪ್ಪ ಅದನ್ನು "ಅವಳ ಆಫೀಸು" ಎಂದೇ ಕರೆಯುತ್ತಿದ್ದ. ಅಲ್ಲಿ ಅವಳು ತೊಡುವ ಉಡುಪು ಮನೆಯ ಹಗ್ಗದ ಮೇಲೆ ಒಮ್ಮೆಯೂ ಒಣಗಿರಲಿಲ್ಲ. ಕೊಳದ ಕಪಾಟಿನಲ್ಲೇ ಉಳಿಯುತ್ತಿತ್ತು.

ಆ ದಿನಗಳಲ್ಲಿ ಸರ್ವೆಯರ್ ಊಟದ ಮೇಜಿನ ತುದಿಯಲ್ಲಿ ಕುಳಿತು ಸಭೆಗೆ ಒಂದು ನಿಯಮಪತ್ರ ಸಿದ್ಧಪಡಿಸುತ್ತಿದ್ದ. ಆರಾಧನೆಗೆ ಬರುವ ಹೆಂಗಸರ ತೋಳು ಮೊಣಕೈಯವರೆಗೆ ಮುಚ್ಚಿರಬೇಕು. ಲಂಗದ ಅಂಚು ಮಂಡಿಯಿಂದ ನಾಲ್ಕು ಬೆರಳು ಕೆಳಗಿರಬೇಕು. ನಾಲ್ಕು ಬೆರಳು ಎಂದರೆ ಯಾರ ಬೆರಳು ಎಂಬ ಪ್ರಶ್ನೆ ಏಳಬಾರದೆಂದು ಅವನು ಪಕ್ಕದಲ್ಲಿ ಏಳು ಸೆಂಟಿಮೀಟರ್ ಎಂದು ಬರೆದಿದ್ದ. ನಿಯಮಕ್ಕೆ ಹೊಂದದೆ ಬಂದವರಿಗೆ ಹೊದಿಸಲು ಬಾಗಿಲಲ್ಲಿ ಹನ್ನೆರಡು ಶಾಲುಗಳು ಇರತಕ್ಕದ್ದು. ಶಾಲುಗಳ ಅಂಚು ಮಡಿಚಿ ಹೊಲಿಯುವ ಕೆಲಸ ಅಜ್ಜಿಯದು. ಅವುಗಳ ಬಟ್ಟೆಯ ಸುರುಳಿ ಯಂತ್ರದ ಪಕ್ಕದಲ್ಲಿ ಹಾಗೆಯೇ ನಿಂತಿತ್ತು.

ಸೊಸೆ ಬ್ರೆಡ್ ಕತ್ತರಿಸುತ್ತಲೇ ಗಂಡನ ಹೆಗಲ ಮೇಲಿಂದ ಅದನ್ನು ಓದಿದಳು.

"ರೀ, ನಮ್ಮ ಬೇಕರೀಲಿ ಮೊಣಕೈ ಕೆಳಗೆ ತೋಳು ಇದ್ರೆ ಒಳಗೇ ಬಿಡೋದಿಲ್ಲ. ಹಿಟ್ಟಿಗೆ ಬೀಳುತ್ತೆ ಅಂತ."

"ಅದು ಕೆಲಸದ ಜಾಗ."

"ಪುಟ್ಟಿದೂ ಕೆಲಸದ ಜಾಗವೇ ಅಲ್ವಾ?"

ಸರ್ವೆಯರ್ ಪೆನ್ನಿನ ಮುಚ್ಚಳ ಹಾಕಿದ. ಬೇಳೆಯ ಸೂಪು ತಣ್ಣಗಾಗುತ್ತಿದೆ ಎಂದ. ಪುಟ್ಟಿ ತಲೆಯೆತ್ತದೆ ಉಂಡಳು. ಕೊಳದ ನೀರಿನಿಂದ ಅವಳ ಕೂದಲ ತುದಿಗಳು ಇನ್ನೂ ಒದ್ದೆಯಾಗಿದ್ದವು.

ಎರಡನೆಯ ವಾರ ಅರವತ್ತೊಂದು. ಏಳು ದಿನ ಕಣ್ಣಲ್ಲಿ ನೀರು ಬರುವಂತೆ ಟವೆಲಿನಿಂದ ಪಾದ ಎಳೆದುಕೊಂಡದ್ದಕ್ಕೆ ಸಿಕ್ಕಿದ ಪ್ರತಿಫಲ ಮೂರು ಡಿಗ್ರಿ. ಫಿಸಿಯೋ ಹುಡುಗಿ ಅಂಕಿ ಬರೆದುಕೊಂಡು ಪುಸ್ತಕ ಮುಚ್ಚಿದಳು.

ಅಂದು ಮಧ್ಯಾಹ್ನ ಪುಟ್ಟಿ ಕೊಳದಿಂದ ಒಂದು ಉಡುಪು ತಂದು ತೋರಿಸಿದಳು. ಕಪ್ಪು ನೈಲಾನಿನದು, ಕುತ್ತಿಗೆಯಿಂದ ಮಣಿಕಟ್ಟಿನವರೆಗೆ, ಕುತ್ತಿಗೆಯಿಂದ ಕಣಕಾಲಿನವರೆಗೆ ಎಲ್ಲವನ್ನೂ ಮುಚ್ಚುವಂಥದು. ಅಜ್ಜಿ ಅದನ್ನು ಬೆಳಕಿಗೆ ಹಿಡಿದಳು, ಎಳೆದಳು, ಬಿಟ್ಟಳು. ಅದು ಚಟ್ಟನೆ ಮೊದಲಿನ ಆಕಾರಕ್ಕೆ ಮರಳಿತು.

"ಮುಚ್ಚೋದೇನೋ ಎಲ್ಲಾ ಮುಚ್ಚುತ್ತೆ. ಆದರೆ ಎಲ್ಲಾ ಹೇಳಿಬಿಡುತ್ತಲ್ಲೇ."

ಹಾಗಾದರೆ ದೀಕ್ಷಾಸ್ನಾನದ ಅಂಗಿಯನ್ನೇ ತೊಟ್ಟು ಬರುತ್ತೇನೆ ಎಂದು ಅವಳು ಸೂಚಿಸಿದಳು. ಪುಟ್ಟಿ ಕೊಳದ ನಿಯಮವನ್ನು ವಿವರಿಸಿದಳು: ಹತ್ತಿ ಬಟ್ಟೆ ಕೂಡದು, ಅದರ ಎಳೆ ಬಿಚ್ಚಿ ನೀರು ಸೋಸುವ ಯಂತ್ರಕ್ಕೆ ಸಿಗುತ್ತದೆ. ತಲೆಗೆ ಟೋಪಿ ಕಡ್ಡಾಯ. ಬಾಗಿಲಲ್ಲಿ ಮೇಲ್ವಿಚಾರಕಿ ನಿಂತು ನೋಡಿಯೇ ಒಳಗೆ ಬಿಡುತ್ತಾಳೆ.

"ನಿಮ್ಮಲ್ಲೂ ಬಾಗಿಲಲ್ಲಿ ನಿಂತು ನೋಡ್ತಾರಾ?" ಎಂದು ಅಜ್ಜಿ ಆಸಕ್ತಿಯಿಂದ ಕೇಳಿದಳು.

ಸೊಸೆ ನಕ್ಕಳು. ಅವಳು ಅತ್ತೆಯ ಹಿಂದೆ ಸ್ಟೂಲಿನ ಮೇಲೆ ಕುಳಿತು ತಲೆ ಬಾಚುತ್ತಿದ್ದಳು. ಕಿಟಕಿಯ ಪರದೆ ಗಾಳಿಗೆ ಉಬ್ಬುತ್ತ ಇಳಿಯುತ್ತ ಇತ್ತು. ಕೋಣೆಯ ಬೆಳಕು ಅದರೊಂದಿಗೆ ಉಸಿರಾಡುವಂತೆ ಹೆಚ್ಚುತ್ತ ಕಡಿಮೆಯಾಗುತ್ತ ಇತ್ತು. ಅಜ್ಜಿ ಕಣ್ಣು ಮುಚ್ಚಿಕೊಂಡೇ ತನ್ನ ತವರಿನ ನದಿಯ ವಿಷಯ ಹೇಳತೊಡಗಿದಳು.

ಅಲ್ಲಿ ಸಭೆಗೆ ತೊಟ್ಟಿಯಿರಲಿಲ್ಲ, ನದಿಯೇ ಇತ್ತು. ಹೆಂಗಸರು ಕಂಕುಳಿನಿಂದ ಮಂಡಿಯವರೆಗೆ ಒಂದು ಬಟ್ಟೆ ಸುತ್ತಿಕೊಂಡು ಸ್ನಾನಕ್ಕೆ ಇಳಿಯುತ್ತಿದ್ದರು, ದೀಕ್ಷಾಸ್ನಾನಕ್ಕೂ ಹಾಗೆಯೇ. ಭುಜ ಎಂಬುದು ನೋಡುವಂಥ ವಸ್ತು ಎಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆದರೆ ಬಿಚ್ಚಿದ ಕೂದಲಿನಲ್ಲಿ ಹೊಸಿಲು ದಾಟಿದರೆ ಅವ್ವ ಕೆನ್ನೆಗೆ ಬಾರಿಸುತ್ತಿದ್ದಳು. ಮದುವೆಯಾಗಿ ಈ ಊರಿಗೆ ಬಂದ ಮೊದಲ ಭಾನುವಾರ ಅವಳು ತಲೆ ಬಿಗಿಯಾಗಿ ಮುಚ್ಚಿ, ತೋಳಿಲ್ಲದ ರವಿಕೆ ತೊಟ್ಟು ಆರಾಧನೆಗೆ ಹೋದಳು.

"ಇಲ್ಲಿಯವರೆಲ್ಲ ನನ್ನ ತೋಳು ನೋಡಿದ್ರು. ನಾನು ಅವರ ಬಿಟ್ಟ ಕೂದಲು ನೋಡಿದೆ. ದೇವರೇ, ಇವರನ್ನ ಕ್ಷಮಿಸು ಅಂತ ನಾನು ಪ್ರಾರ್ಥನೆ ಮಾಡಿದೆ. ಅವರೂ ಅದನ್ನೇ ಮಾಡ್ತಾ ಇದ್ರಂತೆ."

"ಆಮೇಲೆ?" ಎಂದಳು ಪುಟ್ಟಿ.

"ಮೂರನೇ ದಿನ ನನ್ನ ಅತ್ತೆ ಎರಡು ತೋಳು ಹೊಲಿದು ಕೈಗೆ ಕೊಟ್ಟಳು. ರವಿಕೆ ಕೊಡಲಿಲ್ಲ ನೋಡು, ಬರೀ ತೋಳು. ಜೋಡಿಸ್ಕೋ ಅಂದಳು. ಮೆಷಿನ್ ಕಲಿತದ್ದು ಹಾಗೆ."

ಸೊಸೆಯ ಬಾಚಣಿಗೆ ನಿಂತಿತು. ಆಮೇಲೆ ಮತ್ತೆ ಚಲಿಸಿತು. ತಲೆ ಬಾಚಿ ಮುಗಿದಾಗ ಅಜ್ಜಿ ಕಣ್ಣು ಬಿಟ್ಟು, ಆ ಎಳೆದರೆ ಹಿಗ್ಗುವ ಬಟ್ಟೆ ಮೂರೂವರೆ ಮೀಟರ್ ಸಿಗುತ್ತದೆಯೇ ಎಂದು ಕೇಳಿದಳು.

ಬಟ್ಟೆ ಬಂತು. ಗಾಢ ನೀಲಿ. ಅಜ್ಜಿಗೆ ಪೆಡಲ್ ತುಳಿಯಲಾಗದು. ಸೊಸೆಗೆ ಹೊಲಿಗೆ ಬಾರದು. ಆದ್ದರಿಂದ ಇಬ್ಬರೂ ಒಂದೇ ಯಂತ್ರಕ್ಕೆ ಕುಳಿತರು. ಅಜ್ಜಿ ಎತ್ತರದ ಕುರ್ಚಿಯಲ್ಲಿ, ಬಲಗಾಲನ್ನು ಪಕ್ಕದ ಸ್ಟೂಲಿನ ಮೇಲೆ ಚಾಚಿ, ಸೂಜಿಯ ಕೆಳಗೆ ಬಟ್ಟೆ ನಡೆಸಿದಳು. ಸೊಸೆ ಅವಳ ಎಡಮಗ್ಗುಲಿಗೆ ಒತ್ತಿಕೊಂಡು ಕುಳಿತು ಕೆಳಗೆ ಕಾಲು ಆಡಿಸಿದಳು. ಮೊದಲ ದಿನ ಒಬ್ಬಳು ತಿರುವಿಗೆ ನಿಲ್ಲಿಸುವ ಹೊತ್ತಿಗೆ ಇನ್ನೊಬ್ಬಳು ತುಳಿದು ದಾರ ಕಿತ್ತುಹೋಗುತ್ತಿತ್ತು. ನೀನು ಹಿಟ್ಟು ನಾದುತ್ತಿಲ್ಲ, ಮೆಷಿನ್ ತುಳಿಯುತ್ತಿದ್ದೀಯ ಎಂದು ಅತ್ತೆ ಗೊಣಗಿದಳು. ನೀವು ಬಾಯಲ್ಲಿ ಹೇಳಿದರೆ ತಾನೇ ಕಾಲಿಗೆ ಗೊತ್ತಾಗುವುದು ಎಂದು ಸೊಸೆ ಮರುನುಡಿದಳು. ಮೂರನೆಯ ದಿನ ಮಾತು ಬೇಕಾಗಲಿಲ್ಲ. ಅತ್ತೆಯ ಮೊಣಕೈ ಸ್ವಲ್ಪ ಬಿಗಿಯಾದೊಡನೆ ಸೊಸೆಯ ಪಾದ ನಿಲ್ಲುತ್ತಿತ್ತು. ನೀಲಿ ಬಟ್ಟೆ ಸದ್ದಿಲ್ಲದೆ ಮೇಜಿನಿಂದ ಹರಿದು ನೆಲದ ಮೇಲೆ ಶೇಖರವಾಗುತ್ತ ಹೋಯಿತು.

ಮುಗಿದಾಗ ಅದು ಉದ್ದ ತೋಳಿನ ಮೇಲಂಗಿ, ಕಾಲಿಗಂಟುವ ಚಡ್ಡಿ, ಅದರ ಮೇಲೆ ಮೀನಖಂಡದ ನಡುವಿನವರೆಗೆ ಬರುವ ಲಂಗ. ಅಜ್ಜಿಯ ಕೈ ಕೆಲಸದಲ್ಲಿರುವಾಗ ತಲೆಯ ಅಪ್ಪಣೆ ಕೇಳುತ್ತಿರಲಿಲ್ಲ. ಲಂಗದ ಅಂಚಿನೊಳಗೆ ಎಂಟು ಜೇಬುಗಳನ್ನೂ ಎಂಟು ಸೀಸದ ಗುಂಡುಗಳನ್ನೂ ಅದು ಸೇರಿಸಿಬಿಟ್ಟಿತ್ತು.

ಮಂಗಳವಾರ ಮತ್ತು ಶುಕ್ರವಾರ ಹತ್ತು ಗಂಟೆಗೆ ಕೊಳದಲ್ಲಿ ಹೆಂಗಸರ ವೇಳೆ. ಮೇಲ್ವಿಚಾರಕಿ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಒಪ್ಪಿದಳು. ಅಜ್ಜಿ ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟು, ಎರಡೂ ಕೈ ಮೊಮ್ಮಗಳ ಕೈಯಲ್ಲಿಟ್ಟು, ಇಳಿಜಾರಿನ ಮೇಲೆ ಹೆಜ್ಜೆ ಹೆಜ್ಜೆಯಾಗಿ ಒಳಗಿಳಿದಳು. ಕನ್ನಡಕವಿಲ್ಲದ ಅವಳ ಕಣ್ಣಿಗೆ ಎಲ್ಲವೂ ಕರಗಿದ ಬಣ್ಣ: ನೀರು ಒಂದು ಹಸಿರು, ಗೋಡೆ ಇನ್ನೊಂದು ಹಸಿರು, ಅವುಗಳ ನಡುವೆ ಬಿಳಿಯ, ಕೆಂಪಿನ ಸಣ್ಣ ಗೋಳಗಳು ಮೆಲ್ಲನೆ ಸರಿದಾಡುತ್ತಿದ್ದವು.

"ಅವೇನೇ?"

"ತಲೆಗಳು ಅಜ್ಜಿ. ಟೋಪಿ ಹಾಕ್ಕೊಂಡಿದ್ದಾರೆ."

"ಒಂದು ಎಳೆ ಕೂದಲೂ ಕಾಣಲ್ಲ," ಎಂದು ಅಜ್ಜಿ ಮೆಚ್ಚುಗೆಯಿಂದ ಸುತ್ತ ನೋಡಿದಳು. "ನಮ್ಮವ್ವ ನೋಡಿದ್ರೆ ಇದನ್ನೇ ಚರ್ಚು ಅನ್ನೋಳು."

ಸೊಂಟದ ಮಟ್ಟ ದಾಟಿದೊಡನೆ ಅವಳ ತೂಕ ಎಲ್ಲೋ ಹೋಯಿತು. ಬಲಗಾಲು ತನ್ನದಲ್ಲವೆಂಬಂತೆ ಹಗುರವಾಗಿ ಮುಂದಕ್ಕೆ ಬಂತು. ಆದರೆ ಎಂಟು ಗುಂಡುಗಳು ಹೆಜ್ಜೆಹೆಜ್ಜೆಗೂ ಮೀನಖಂಡಕ್ಕೆ ಬಡಿದವು. ಮಂಡಿ ಎತ್ತಿದಾಗಲೆಲ್ಲ ಲಂಗ ಅದನ್ನು ಕೆಳಕ್ಕೆ ಜಗ್ಗಿತು. ಅರ್ಧ ಗಂಟೆಯಲ್ಲಿ ಅವಳು ದಣಿದುಹೋದಳು. ಆಳದ ಕಡೆ ಇದನ್ನು ತೊಟ್ಟು ಹೋಗಿಬಿಟ್ಟೀಯಾ, ಜೋಕೆ ಎಂದು ಪುಟ್ಟಿ ಗದರಿದಳು. ಮನೆಗೆ ಬಂದು ಅಜ್ಜಿ ಬ್ಲೇಡಿನಿಂದ ಜೇಬುಗಳನ್ನು ಒಂದೊಂದಾಗಿ ಬಿಚ್ಚಿದಳು. ಏಳು ಬಿಚ್ಚಿ, ಎಂಟನೆಯದನ್ನು ಸ್ವಲ್ಪ ಹೊತ್ತು ಬೆರಳ ನಡುವೆ ಹೊರಳಿಸುತ್ತ ಕುಳಿತು, ಅದನ್ನೂ ಬಿಚ್ಚಿದಳು.

ಶುಕ್ರವಾರ ಲಂಗ ಮೇಲಕ್ಕೆ ಎದ್ದಿತು. ಅವಳ ಸೊಂಟದ ಸುತ್ತ ಅದು ಅಗಲವಾಗಿ ಅರಳಿ ನಿಧಾನವಾಗಿ ಸುತ್ತತೊಡಗಿತು. ಕಾಲುಗಳು ಕೆಳಗೆ ಎಲ್ಲೋ ದೂರದಲ್ಲಿ, ನದಿಯ ತಳದಲ್ಲಿ ನಡೆಯುತ್ತಿರುವಂತೆ ನಡೆದವು. ಅವಳು ಎರಡು ಸಲ ಕೈಯಿಂದ ಒತ್ತಿ ಇಳಿಸಿದಳು. ಮೂರನೆಯ ಸಲ ಇಳಿಸಲಿಲ್ಲ.

ಮೂರನೆಯ ವಾರ ಎಪ್ಪತ್ತು. ನಾಲ್ಕನೆಯ ವಾರ ಎಪ್ಪತ್ತನಾಲ್ಕು.

ಫಿಸಿಯೋ ಹುಡುಗಿ ಲೆಕ್ಕ ಬಿಡಿಸಿ ಹೇಳಿದಳು. ವಾರಕ್ಕೆ ಎರಡು ದಿನ ಸಾಲದು. ಈ ವೇಗದಲ್ಲಿ ಹೋದರೆ ಗಡುವಿನ ದಿನ ಎಂಬತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ದಿನವೂ ನೀರಿಗೆ ಇಳಿಯಬೇಕು.

ಅದೇ ಭಾನುವಾರ ಆರಾಧನೆ ಮುಗಿದ ಮೇಲೆ ಯಾರೋ ಸರ್ವೆಯರನನ್ನು ಪಕ್ಕಕ್ಕೆ ಕರೆದು, ತಾಯಿಯವರು ಈಜು ಕಲಿಯುತ್ತಿದ್ದಾರಂತೆ, ಬಹಳ ಸಂತೋಷ ಎಂದು ಕೈ ಕುಲುಕಿದ್ದರು. ಆ ಸಂತೋಷವನ್ನು ಅವನು ಮನೆಯವರೆಗೂ ಹೊತ್ತು ತಂದು ಊಟದ ಮೇಜಿನ ಮೇಲೆ ಇಳಿಸಿದ.

ಮಂಡಿಗೆಂದು ತಾಯಿ ಹೋದದ್ದಕ್ಕೆ ತನ್ನ ಅಡ್ಡಿಯಿಲ್ಲ ಎಂದ. ಆದರೆ ನಿಯಮ ಬರೆದವನ ಮನೆಯಲ್ಲೇ ಹೀಗಾದರೆ ನಾಳೆ ಅದನ್ನು ಯಾವ ಮುಖ ಇಟ್ಟುಕೊಂಡು ಓದಿಸುವುದು ಎಂದ. ಅಲ್ಲಿಂದ ಮಾತು ಮಗಳ ಕಡೆ ತಿರುಗಿತು; ಅದು ತಿರುಗುವುದೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು.

"ಈ ತಿಂಗಳ ಕೊನೆಗೆ ಆ ಕೆಲಸ ಬಿಟ್ಟುಬಿಡು."

"ಯಾಕಪ್ಪ?"

"ಗಂಡಸರು ಬರೋ ಜಾಗ ಅದು. ದೇವರ ಭಯ ಇರೋ ಒಬ್ಬ ಮನುಷ್ಯ ಅಲ್ಲಿಗೆ ಕಾಲಿಡ್ತಾನಾ, ಹೇಳು."

ಪುಟ್ಟಿಯ ಮುಖ ಕೆಂಪಾಯಿತು. "ಅಲ್ಲಿಗೆ ಯಾರು ಯಾರು ಬರ್ತಾರೆ ಅಂತ ನಿಮಗೆ..." ಎಂದು ಶುರುಮಾಡಿ ನಿಲ್ಲಿಸಿದಳು. ಎದ್ದು, ಇನ್ನೂ ಉಣ್ಣುತ್ತಿದ್ದವರ ತಟ್ಟೆಗಳನ್ನೂ ಸೇರಿಸಿ ಜೋಡಿಸತೊಡಗಿದಳು.

"ಹೇಳು. ಯಾರು ಬರ್ತಾರೆ?"

"ಜನ ಬರ್ತಾರೆ ಅಪ್ಪ. ನಾನು ಅವರ ಹೆಸರು ಹೇಳೋ ಹಾಗಿಲ್ಲ."

ಅವನು ತನಗೆ ಜಯ ಸಿಕ್ಕಿತೆಂದುಕೊಂಡ. ಆಗ ಅಜ್ಜಿ ನೀರಿನ ಲೋಟ ಕೆಳಗಿಟ್ಟಳು.

"ನನ್ನ ದೀಕ್ಷಾಸ್ನಾನ ಭುಜ ಬಿಟ್ಕೊಂಡೇ ಆಯ್ತು ಕಣೋ. ಅದು ಲೆಕ್ಕಕ್ಕೆ ಇಲ್ವಾ?"

"ಅಮ್ಮ, ಆ ಕಾಲ ಬೇರೆ, ಆ ನದಿ ಬೇರೆ."

"ದೇವರೂ ಬೇರೆನಾ?"

ಸೊಸೆ ಮಗಳ ಕೈಯಿಂದ ತನ್ನ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡು, ನನ್ನದು ಇನ್ನೂ ಮುಗಿದಿಲ್ಲ ಎಂದಳು.

ಮಾರನೆಯ ದಿನ ಅವನು ಎರಡು ಹಳ್ಳಿಗಳ ನಡುವಿನ ಗಡಿ ಅಳೆಯಲು ಹೋದ. ಹಳೆಯ ನಕ್ಷೆಗಳೆರಡರಲ್ಲಿ ಒಂದೇ ಕಲ್ಲು ಬೇರೆ ಬೇರೆ ಜಾಗದಲ್ಲಿತ್ತು. ಇದು ಅವನಿಗೆ ಹೊಸತಲ್ಲ. ಹಿಂದೆ ಒಂದೊಂದು ಹಳ್ಳಿಯ ಅಳತೆಕೋಲು ಒಂದೊಂದು ಉದ್ದವಿರುತ್ತಿತ್ತು. ಅವನು ಯಾರನ್ನೂ ದೂರದೆ ಎರಡನ್ನೂ ಮೀಟರಿಗೆ ಪರಿವರ್ತಿಸಿ, ಕಲ್ಲು ಇದ್ದ ಜಾಗದಲ್ಲೇ ಇದೆಯೆಂದು ಎರಡೂ ಕಡೆಯವರಿಗೆ ತೋರಿಸಿ, ಸಂಜೆ ಮನೆಗೆ ಬಂದ. ಮಗಳೊಂದಿಗೆ ಮಾತಾಡಲಿಲ್ಲ.

ಐದನೆಯ ವಾರದ ಬುಧವಾರ ಅಜ್ಜಿ ಬೆಳಗ್ಗೆ ಆರೂವರೆಗೆ ನೀಲಿ ಉಡುಪನ್ನು ಚೀಲಕ್ಕೆ ತುಂಬಿ ಬಾಗಿಲಲ್ಲಿ ಕುಳಿತಿದ್ದಳು. ಮಗ ಜಮೀನು ಅಳೆಯುವ ಕೆಲಸಕ್ಕೆ ಆಗಲೇ ಹೊರಟುಹೋಗಿದ್ದ.

"ಇವತ್ತು ಹೆಂಗಸರ ವೇಳೆ ಇಲ್ಲ ಅಜ್ಜಿ."

"ಗೊತ್ತು."

"ಗಂಡಸರು ಇರ್ತಾರೆ."

"ಇರ್ಲಿ. ಅವರ ಮಂಡಿ ಅವರಿಗೆ, ನನ್ನ ಮಂಡಿ ನನಗೆ."

ಪುಟ್ಟಿ ಏನನ್ನೋ ಹೇಳಲು ಹೊರಟವಳು, ಹೇಳದೆ, ಬೇರೆ ವೇಳೆಗೆ ಬರಬಹುದಲ್ಲ, ಮಧ್ಯಾಹ್ನ, ಎಂದಳು. ಮಧ್ಯಾಹ್ನ ಶಾಲೆಯ ಮಕ್ಕಳು ಬರುತ್ತಾರೆಂದು ಅವಳೇ ಹೇಳಿದ್ದನ್ನು ಅಜ್ಜಿ ನೆನಪಿಸಿದಳು. ಇಬ್ಬರೂ ಹೊರಟರು.

ಎತ್ತರದ ಕಿಟಕಿಗಳಿಂದ ಎಳೆಬಿಸಿಲು ನೀರಿನ ಮೇಲೆ ಓರೆಯಾಗಿ ಬಿದ್ದು, ಚಾವಣಿಯಲ್ಲಿ ಹೊನ್ನಿನ ಬಲೆಯಂತೆ ಅಲುಗಾಡುತ್ತಿತ್ತು. ಸದ್ದುಗಳೆಲ್ಲ ಬಹಳ ದೂರದಿಂದ ಬಂದಂತಿದ್ದವು. ಅಜ್ಜಿ ಎದೆಮಟ್ಟದ ನೀರಿನಲ್ಲಿ ಗೋಡೆಯ ಕಂಬಿ ಹಿಡಿದು ನಡೆಯುತ್ತಿದ್ದಳು. ಅನತಿ ದೂರದಲ್ಲಿ ಒಂದು ಬಿಳಿಯ ಟೋಪಿ, ಅದರ ಮುಂದೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ ಒಂದು ತೇಲುಹಲಗೆ. ಟೋಪಿ ನೀರಿಗೆ ಮುಳುಗಿತು; ಗುಳ್ಳೆಗಳು ಎದ್ದವು; ಟೋಪಿ ಮೇಲೆ ಬಂದು ಕೆಮ್ಮಿತು. ಮೊದಲು ಎರಡು ಗಿಡ್ಡ ಕೆಮ್ಮು, ಒಂದು ನಿಲುಗಡೆ, ಆಮೇಲೆ ಒಂದು ಉದ್ದದ್ದು.

ಆ ಕೆಮ್ಮನ್ನು ಅಜ್ಜಿ ಹನ್ನೊಂದು ವರ್ಷಗಳಿಂದ ಪ್ರತಿ ಭಾನುವಾರ, ದೇವರ ವಾಕ್ಯದ ಪ್ರಸಂಗ ಆರಂಭವಾಗುವ ಮುನ್ನ, ಮೂರನೆಯ ಸಾಲಿನಲ್ಲಿ ಕುಳಿತು ಕೇಳಿದ್ದಳು.

ಅವಳು ಕುತ್ತಿಗೆಯವರೆಗೆ ನೀರಿನೊಳಗೆ ಕುಸಿದಳು. ಅದೇ ಕ್ಷಣದಲ್ಲಿ ಅವಳನ್ನು ಗುರುತಿಸಿದ ಪಾಸ್ಟರೂ ಕುಸಿದರು. ಬೆತ್ತಲೆ ಎದೆಯನ್ನು ಮುಚ್ಚಿಕೊಳ್ಳಲು ಅವರಿಗೆ ನೀರಿನ ಹೊರತು ಬೇರೇನೂ ಇರಲಿಲ್ಲ. ಎರಡು ಟೋಪಿ ಹಾಕಿದ ತಲೆಗಳು ನೀರಿನ ಮೇಲೆ ಎದುರುಬದುರಾಗಿ ನಿಂತವು.

"ವಂದನೆ ಅಮ್ಮ."

"ವಂದನೆ ಪಾಸ್ಟರ್."

ಅಲೆಗಳು ಇಬ್ಬರ ಗಲ್ಲಕ್ಕೂ ತಾಗುತ್ತಿದ್ದವು. ಪಾಸ್ಟರೇ, ತಗ್ಗಿದ ದನಿಯಲ್ಲಿ, ತಾವು ಬರುತ್ತಿರುವ ಕಾರಣ ಹೇಳಿದರು. ಕಳೆದ ದೀಕ್ಷಾಸ್ನಾನದಲ್ಲಿ ಭಾರದ ಒಬ್ಬ ಮನುಷ್ಯ ತೊಟ್ಟಿಯಲ್ಲಿ ಜಾರಿ ಅವರನ್ನೂ ಕೆಳಗೆ ಎಳೆದುಕೊಂಡಿದ್ದ. ನೀರು ಕುಡಿದರು. ಅಂದಿನಿಂದ ತೊಟ್ಟಿಯ ಮೆಟ್ಟಿಲು ಕಂಡರೆ ಕಾಲು ನಡುಗುತ್ತದೆ. ಯಾರಿಗೂ ಹೇಳಲಾಗಲಿಲ್ಲ.

"ಎಂಟು ವಾರದಿಂದ ನಿಮ್ಮ ಹುಡುಗಿ ಕಲಿಸ್ತಾ ಇದ್ದಾಳೆ. ಮನೇಲಿ ಹೇಳಿರಬೇಕಲ್ಲ."

ಅಜ್ಜಿ ಇಳಿಜಾರಿನ ಬಳಿ ಬೆನ್ನು ತಿರುಗಿಸಿ ನಿಂತು ಹಗ್ಗ ಸುತ್ತುತ್ತಿದ್ದ ನೀಲಿ ಮಸುಕಿನತ್ತ, ಪುಟ್ಟಿಯತ್ತ, ನೋಡಿದಳು. ಭಾನುವಾರದ ಮೇಜು, ಅರ್ಧಕ್ಕೆ ನಿಂತ ಮಾತು, ಒಂದರ ಮೇಲೊಂದು ಸೇರುತ್ತಿದ್ದ ತಟ್ಟೆಗಳು. ಒಂದೇ ಒಂದು ಹೆಸರು ಹೇಳಿದ್ದರೆ ಅಪ್ಪನ ಬಾಯಿ ಅಲ್ಲಿಗೇ ಮುಚ್ಚಿಹೋಗುತ್ತಿತ್ತು.

"ಇಲ್ಲ ಪಾಸ್ಟರ್. ಅವಳು ಹೇಳಿಲ್ಲ."

ಪಾಸ್ಟರ್ ಹಲಗೆಯ ಅಂಚನ್ನು ಬೆರಳಿನಿಂದ ಸವರಿದರು. ನಿಮ್ಮ ಮಗ ನಿಯಮದ ಕಾಗದ ಕೊಟ್ಟಿದ್ದಾರೆ, ಈ ಭಾನುವಾರ ಓದಬೇಕಂತೆ, ಎಂದರು. ಅವರು ಆಧಾರ ಕೊಟ್ಟಿರುವ, ಬೈಬಲಿನಲ್ಲಿರುವ ಆ ಹಳೆಯ ಪತ್ರವನ್ನು ಮತ್ತೆ ತೆಗೆದು ನೋಡಿದೆ; ಅದರಲ್ಲಿ ಒಡವೆಯ ಮಾತಿದೆ, ದುಬಾರಿ ಬಟ್ಟೆಯ ಮಾತಿದೆ, ಸೆಂಟಿಮೀಟರ್ ಎಲ್ಲೂ ಸಿಗಲಿಲ್ಲ, ಎಂದೂ ಹೇಳಿದರು. ಅಜ್ಜಿ ಬೇರೊಂದು ವಿಷಯ ಗಮನಿಸುತ್ತಿದ್ದಳು. ಗಲ್ಲ ನೀರಿಗೆ ತಾಗುವಂತೆ ಇಷ್ಟು ಹೊತ್ತು ನಿಂತಿರಬೇಕಾದರೆ ಮಂಡಿ ಮಡಿಚಿರಲೇಬೇಕು. ನಾಚಿಕೆಯಲ್ಲಿ ಅದು ತಾನಾಗಿ ಮಡಿಚಿತ್ತು. ನೋವು ಈಗಷ್ಟೇ ನೆನಪಾಗುತ್ತಿತ್ತು.

"ಪಾಸ್ಟರ್, ನೀವು ನಾಳೆನೂ ಬರ್ತೀರಾ?"

"ಬರ್ತೀನಿ ಅಮ್ಮ."

"ಬನ್ನಿ. ನಿಮ್ಮನ್ನ ನೋಡಿದ್ರೆ ನನ್ನ ಕಾಲು ಮಡಿಚುತ್ತೆ."

ಆ ವಾರ ಎಂಬತ್ತಮೂರು. ಭಾನುವಾರ ನಿಯಮಪತ್ರವನ್ನು ಓದಲಿಲ್ಲ. ಇನ್ನೂ ಪ್ರಾರ್ಥಿಸಬೇಕಾಗಿದೆ ಎಂದು ಪಾಸ್ಟರ್ ಹೇಳಿದರು. ಸರ್ವೆಯರ್ ಮನೆಗೆ ಬಂದು ಆ ಪ್ರತಿಯನ್ನು ಮತ್ತೊಮ್ಮೆ ಶುದ್ಧವಾಗಿ ಬರೆದ.

ಆರನೆಯ ವಾರದ ಕೊನೆಯ ದಿನ ಫಿಸಿಯೋ ಹುಡುಗಿ ಬಂದಾಗ ಅವನು ಮನೆಯಲ್ಲೇ ಇದ್ದ. ಕೋನಮಾಪಕದ ಅಂಕಿಯನ್ನು ತಾನೂ ಬಗ್ಗಿ ಓದಿದ. ತೊಂಬತ್ತೊಂದು. ಹುಡುಗಿ ಅಜ್ಜಿಯ ಭುಜ ತಟ್ಟಿ, ದಿನವೂ ನೀರಿಗೆ ಇಳಿದದ್ದೇ ಕೆಲಸ ಮಾಡಿತು, ಇನ್ನೆರಡು ತಿಂಗಳು ಬಿಡಬೇಡಿ ಎಂದು ಹೇಳಿ ಹೋದಳು. ಅಜ್ಜಿ ಆಗಲೇ ಯಂತ್ರದ ಮುಂದೆ ಕುಳಿತು ಬರಿಯ ಪೆಡಲನ್ನು ತುಳಿದು ನೋಡುತ್ತಿದ್ದಳು. ಸೊಸೆ ಕೈ ಕಟ್ಟಿ ನಿಂತು, ನನ್ನ ಕೆಲಸ ಹೋಯ್ತಲ್ಲ ಅತ್ತೆ, ಎಂದಳು. ಸರ್ವೆಯರ್ ಕಿಟಕಿಯ ಬಳಿ ನಿಂತು ವಾರಗಳನ್ನು ಲೆಕ್ಕ ಹಾಕುತ್ತಿದ್ದ. ಮಂಗಳವಾರ, ಶುಕ್ರವಾರ. ದಿನವೂ ಎಂದರೆ ಹೇಗೆ?

ಊಟಕ್ಕೆ ಕುಳಿತ ಮೇಲೆ ಕೇಳಿದ. ಮೇಜಿನ ಮೇಲೆ ಮೊಟ್ಟೆ, ಬ್ರೆಡ್, ಬೇಯಿಸಿದ ತರಕಾರಿ ಇದ್ದವು, ಯಾರೂ ಬಡಿಸಿಕೊಂಡಿರಲಿಲ್ಲ.

"ಬೇರೆ ದಿನ ಗಂಡಸರೂ ಇದ್ರಾ?"

"ಇದ್ರು," ಎಂದಳು ಅಜ್ಜಿ.

"ನಮ್ಮ ಸಭೆಯವರು ಯಾರಾದ್ರೂ?"

ಪುಟ್ಟಿಯ ಕೈ ಬ್ರೆಡ್ಡಿನ ಬುಟ್ಟಿಯ ಮೇಲೆ ನಿಂತಿತು. ಅಜ್ಜಿ ಅವಳ ಕಡೆ ನೋಡಲಿಲ್ಲ. ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದಳು.

"ಕನ್ನಡಕ ತೆಗೆದಿಟ್ಟಿರ್ತೀನಿ ಕಣಪ್ಪ. ಕೊಳದಲ್ಲಿ ನಂಗೆ ಯಾರ ಮುಖವೂ ಕಾಣಲ್ಲ."

"ಅವರಿಗೆ ನೀನು ಕಂಡಿರ್ತೀಯಲ್ಲ ಅಮ್ಮ."

"ಕಂಡಿರಬಹುದು. ಕಂಡವರು ಮರ್ಯಾದಸ್ಥರು. ಯಾರೂ ನಿನ್ನ ಹತ್ರ ಬಂದು ಹೇಳಿಲ್ವಲ್ಲ."

ಪುಟ್ಟಿ ತಲೆ ತಗ್ಗಿಸಿದಳು. ಬುಟ್ಟಿ ಮೆಲ್ಲನೆ ಮುಂದಕ್ಕೆ ಸರಿಯಿತು. ಸೊಸೆ ಒಂದು ಚೂರು ತೆಗೆದುಕೊಂಡು ಗಂಡನ ತಟ್ಟೆಗೆ ಹಾಕಿದಳು. ಅಜ್ಜಿ ಮುಂದುವರಿಸಿದಳು.

"ಇನ್ನೆರಡು ತಿಂಗಳು ಬಿಡಬಾರದು ಅಂದಳು ಆ ಹುಡುಗಿ. ತಿಂಗಳ ಕೊನೆಗೆ ಇವಳು ಕೆಲಸ ಬಿಟ್ರೆ ಇಳಿಜಾರಲ್ಲಿ ನನ್ನ ಕೈ ಹಿಡಿಯೋರು ಬೇಕು. ನೀನು ಬರ್ತೀಯಾ?"

ಸರ್ವೆಯರ್ ಮೇಜಿನ ಕೆಳಗೆ ನೋಡುತ್ತಿದ್ದ. ಆರು ವಾರ ಸ್ಟೂಲಿನ ಮೇಲೆ ಚಾಚಿಕೊಂಡಿದ್ದ ತಾಯಿಯ ಕಾಲು ಈಗ ಕುರ್ಚಿಯ ಅಂಚಿನಲ್ಲಿ ಮಡಿಚಿಕೊಂಡು, ಉಳಿದವರ ಕಾಲುಗಳ ನಡುವೆ, ನೆಲದ ಮೇಲೆ ಚಪ್ಪಟೆಯಾಗಿ ನಿಂತಿತ್ತು. ಬಾಗಿಲಿನಿಂದ ಬಂದ ಮಧ್ಯಾಹ್ನದ ಬೆಳಕು ಅದರ ಮೇಲೆ ಅಲುಗಾಡದೆ ಬಿದ್ದಿತ್ತು. ಆಮೇಲೆ ಬ್ರೆಡ್ ಕೈಗೆತ್ತಿಕೊಂಡು, ಮಗಳ ಕಡೆಯೂ ಅಲ್ಲ ತಾಯಿಯ ಕಡೆಯೂ ಅಲ್ಲ, ನಡುವೆ ಎಲ್ಲೋ ಕೇಳಿದ.

"ನೀರು ತಣ್ಣಗಿರುತ್ತಾ?"

"ಇಳಿಯೋವಾಗ ಹಾಗೆ ಅನ್ಸುತ್ತೆ ಅಪ್ಪ," ಎಂದಳು ಪುಟ್ಟಿ.